14 ಇಂಚಿನ ಕಟಿಂಗ್ ಮಷಿನ್ ಮೇಲಕ್ಕೆ ಒದೆಯುವುದೇಕೆ?

ಪ್ರಶ್ನೆ: ಕಟ್ಟಡ ಒಡೆಯುವ, ದುರಸ್ತಿ ಮಾಡುವ ಕೆಲಸ ಮಾಡಿಸುತ್ತೇನೆ. ಕೈಯಲ್ಲಿ ಹಿಡಿದು ಓಡಿಸುವ 14 ಇಂಚಿನ ಪೆಟ್ರೋಲ್ ಕಟಿಂಗ್ ಮಷಿನ್ ಇದೆ. ಪೈಪು, ಕಂಬಿ, ಕಾಂಕ್ರೀಟ್ ಎಲ್ಲಕ್ಕೂ ಅದೇ. ಇತ್ತೀಚೆಗೆ 6 ಇಂಚಿನ ಹಳೆಯ ಕಬ್ಬಿಣದ ಪೈಪಿಗೆ ಎರಡೂ ತುದಿಯಲ್ಲಿ ದಿಮ್ಮಿ ಕೊಟ್ಟು ಮಲಗಿಸಿ, ಮೇಲಿನಿಂದ ಕತ್ತರಿಸುತ್ತಿದ್ದೆ. ಮುಕ್ಕಾಲು ಪಾಲು ಇಳಿದ ಮೇಲೆ ವೀಲ್ ಕಚ್ಚಿಕೊಂಡಿತು. ಎಳೆದು ಬಿಡಿಸಿ, ಅದೇ ಸೀಳಿಗೆ ಮತ್ತೆ ಇಳಿಸುವಷ್ಟರಲ್ಲಿ ಮಷಿನ್ ಒಮ್ಮೆಲೇ ಮುಖದ ಕಡೆಗೆ ಎದ್ದು ಬಂತು. ಗಾರ್ಡ್ ಹೆಲ್ಮೆಟ್ಟಿಗೆ ಬಡಿಯಿತು, ಗಾಯವಾಗಲಿಲ್ಲ. ‘ಹಿಡಿತ ಸಡಿಲ ಇತ್ತು, ಅದಕ್ಕೇ ಹಾಗಾಯ್ತು’ ಎಂದು ಜೊತೆಯವರು ಹೇಳುತ್ತಾರೆ. ಅಂದು ಹಾಕಿದ್ದು ಚಾಪ್ ಸಾ ಮಷಿನ್ನಿನ (ಮೇಜಿನ ಮೇಲೆ ಕೂರಿಸಿ ಕತ್ತರಿಸುವಂಥದ್ದು) ವೀಲ್. ಅಳತೆ ಒಂದೇ, ತೂತೂ ಸರಿಯಾಗಿ ಕೂತಿತ್ತು. ಗೆರೆ ಕಾಣಲಿ ಎಂದು ಗಾರ್ಡ್ ಹಿಂದಕ್ಕೆ ತಿರುಗಿಸಿಕೊಳ್ಳುತ್ತೇವೆ. ನೀರು ಬ್ಲೇಡ್ ಹಾಳು ಮಾಡುತ್ತದೆ ಎನ್ನುತ್ತಾರೆ, ಅದಕ್ಕೇ ಕಾಂಕ್ರೀಟಿಗೆ ಡೈಮಂಡ್ ಬ್ಲೇಡ್ ಹಾಕಿ ಒಣಗಿದ್ದಂತೆಯೇ ಕೊಯ್ಯುತ್ತೇವೆ, ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೇವೆ. ಇದರಲ್ಲಿ ತಪ್ಪಿರುವುದು ಎಲ್ಲಿ? ಇನ್ನೂ ಗಟ್ಟಿಯಾಗಿ ಹಿಡಿದರೆ ಸಾಕೇ?

ಉತ್ತರ: ಮಷಿನ್ ಮತ್ತೆ ಒದ್ದರೆ ಏನು ಗತಿ ಎಂಬುದು ನಿಮ್ಮ ಚಿಂತೆ. ನನಗೆ ಅದಕ್ಕಿಂತ ಹೆಚ್ಚು ದಿಗಿಲಾದದ್ದು ಪತ್ರದ ನಡುವೆ ಹಗುರವಾಗಿ ಬಂದುಹೋದ ಚಾಪ್ ಸಾ ವೀಲಿನ ಮಾತು. ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ.

ವೀಲಿನ ವ್ಯಾಸ, ತೂತಿನ ಅಳತೆ ಹೊಂದಿದ ಮಾತ್ರಕ್ಕೆ ವೀಲ್ ಹೊಂದಿದಂತಲ್ಲ. ಮೂರನೆಯದಾಗಿ ನೋಡಬೇಕಾದ್ದು ಅದರ ಮೇಲೆ ಅಚ್ಚಾಗಿರುವ ಗರಿಷ್ಠ ವೇಗ. ಮೇಜಿನ ಮೇಲೆ ಕೂರುವ 14 ಇಂಚಿನ ಚಾಪ್ ಸಾ ವೀಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಅಂಚುವೇಗಕ್ಕೆ ತಯಾರಾಗಿರುತ್ತವೆ. ಅಂದರೆ 355 ಮಿ.ಮೀ. ವ್ಯಾಸಕ್ಕೆ ನಿಮಿಷಕ್ಕೆ ಸುಮಾರು 4,300 ಸುತ್ತು. ಕೈಯಲ್ಲಿ ಹಿಡಿಯುವ ಪೆಟ್ರೋಲ್ ಮಷಿನ್ನಿಗೆ ಬೇಕಾದದ್ದು ಸೆಕೆಂಡಿಗೆ 100 ಮೀಟರ್ ತಡೆಯುವ ವೀಲ್, 350 ಮಿ.ಮೀ.ಗೆ ಲೆಕ್ಕ ಹಾಕಿದರೆ ಸುಮಾರು 5,400 ಸುತ್ತು. ವ್ಯತ್ಯಾಸ ಸಾವಿರ ಸುತ್ತು ತಾನೇ ಅನ್ನಿಸಬಹುದು. ಆದರೆ ವೀಲನ್ನು ಹೊರಕ್ಕೆ ಹರಿದೆಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 4,300ಕ್ಕೆ ಮಾಡಿದ ವೀಲನ್ನು 5,400ರಲ್ಲಿ ತಿರುಗಿಸಿದರೆ ಅದು ತಡೆದುಕೊಳ್ಳಬೇಕಾದ ಬಲ ಒಂದೂವರೆ ಪಟ್ಟಿಗೂ ಹೆಚ್ಚು.

ಇನ್ನೊಂದು ಕಾರಣವೂ ಇದೆ. ಚಾಪ್ ಸಾ ತನ್ನ ಕೀಲಿನ ಮೇಲೆ ನೇರವಾಗಿ ಇಳಿಯುತ್ತದೆ, ವೀಲಿಗೆ ಪಕ್ಕದಿಂದ ಒತ್ತಡ ಬೀಳುವುದು ಕಡಿಮೆ. ಹಾಗಾಗಿ ಅದರ ವೀಲ್ ತೆಳ್ಳಗಿದ್ದರೂ ನಡೆಯುತ್ತದೆ. ಕೈಯ ಮಷಿನ್ ಎಷ್ಟೇ ನೇರ ಹಿಡಿದರೂ ಸ್ವಲ್ಪ ವಾಲುತ್ತದೆ. ಅದನ್ನು ತಾಳಲೆಂದೇ ಇದರ ವೀಲನ್ನು ದಪ್ಪವಾಗಿ, ಒಳಗಿನ ಗಾಜಿನ ನಾರಿನ ಬಲೆಯನ್ನು ಇನ್ನಷ್ಟು ಬಿಗಿಯಾಗಿ ಮಾಡಿರುತ್ತಾರೆ. ನೀವು ಹಾಕಿದ ವೀಲ್ ಅಂದು ಒಡೆಯಲಿಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಉಳಿದ ವೀಲುಗಳನ್ನು ಆ ಮಷಿನ್ನಿನ ಪೆಟ್ಟಿಗೆಯಿಂದ ಇಂದೇ ಎತ್ತಿ ಬೇರೆ ಕಡೆ ಇಡಿ.

ಮಷಿನ್ನಿನ ಫಲಕದ ಮೇಲೆ ಸ್ಪಿಂಡಲ್ಲಿನ (ವೀಲ್ ಕೂರುವ ಅಚ್ಚಿನ) ಗರಿಷ್ಠ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಬರೆದಿರುತ್ತದೆ. ವೀಲಿನ ಮೇಲಿನ ಸಂಖ್ಯೆ ಅದಕ್ಕೆ ಸಮ ಇಲ್ಲವೇ ಅದಕ್ಕಿಂತ ಹೆಚ್ಚಿರಬೇಕು. ಐರೋಪ್ಯ ಮಾನದಂಡದಂತೆ ತಯಾರಾದ ವೀಲುಗಳ ಮೇಲೆ ಬಣ್ಣದ ಪಟ್ಟಿಯೂ ಇರುತ್ತದೆ: 80 ಮೀಟರಿಗೆ ಕೆಂಪು, 100 ಮೀಟರಿಗೆ ಹಸಿರು. ಪಟ್ಟಿ ಇಲ್ಲದಿದ್ದರೆ ಸಂಖ್ಯೆ ಓದಿ. ಸಂಖ್ಯೆಯೂ ಅಳಿಸಿಹೋಗಿದ್ದರೆ ಆ ವೀಲ್ ಕೆಲಸಕ್ಕಿಲ್ಲ. ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದು ತಯಾರಾದ ದಿನವಲ್ಲ, ಬಳಕೆಯ ಕೊನೆಯ ಗಡುವು. ಸಾಮಾನ್ಯವಾಗಿ ತಯಾರಾದಂದಿನಿಂದ ಮೂರು ವರ್ಷ. ವೀಲಿನ ಹರಳುಗಳನ್ನು ಹಿಡಿದಿಟ್ಟಿರುವ ರಾಳ ತೇವ ಹೀರುತ್ತ ಹೋದಂತೆ ಬಲ ಕಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು.

ಬಡಿದು ನೋಡಿ ‘ಠಣ್’ ಅಂದರೆ ವೀಲ್ ಸರಿ ಎಂಬ ಪರೀಕ್ಷೆಯನ್ನು ಅನೇಕರು ನಂಬುತ್ತಾರೆ. ಅದು ಸುಟ್ಟು ಗಟ್ಟಿ ಮಾಡಿದ ಸಾಣೆಕಲ್ಲುಗಳಿಗೆ ಹೇಳಿದ್ದು. ರಾಳದ ಕಟಿಂಗ್ ವೀಲ್ ಚೆನ್ನಾಗಿದ್ದರೂ ಮಂದವಾಗಿಯೇ ಸದ್ದು ಮಾಡುತ್ತದೆ. ಇಲ್ಲಿ ನಂಬಬೇಕಾದ್ದು ಕಣ್ಣನ್ನು. ಅಂಚಿನ ಚೂರು ಹಾರಿದೆಯೇ, ಕೂದಲೆಳೆಯಂಥ ಬಿರುಕಿದೆಯೇ, ಸಮತಟ್ಟಾದ ನೆಲದ ಮೇಲಿಟ್ಟರೆ ಬಾಗಿದೆಯೇ, ಒದ್ದೆಯ ಕಲೆ ಇದೆಯೇ ನೋಡಿ. ಕೆಳಗೆ ಬಿದ್ದ ವೀಲನ್ನು ಪರೀಕ್ಷಿಸುತ್ತ ಕೂರಬೇಡಿ, ಎಸೆಯಿರಿ. ಮಷಿನ್ ಗಾಡಿಯಲ್ಲಿ ಸಾಗಿಸುವಾಗ ವೀಲ್ ಬಿಚ್ಚಿಡಬೇಕು ಎನ್ನುವುದೂ ಇದಕ್ಕೇ. ದಾರಿಯ ಕುಲುಕಾಟಕ್ಕೆ ಸಿಕ್ಕಿ ಬಿರುಕು ಬಿಟ್ಟದ್ದು ಮರುದಿನ ಫುಲ್ ರೇಸಿನಲ್ಲಿ ಗೊತ್ತಾಗಬಾರದು.

ಇನ್ನು ಒದೆತದ ವಿಷಯ.

ಗಟ್ಟಿ ಹಿಡಿತ ಬೇಕು, ನಿಜ. ಆದರೆ ಹಿಡಿತ ಸಡಿಲವಾದದ್ದರಿಂದ ಮಷಿನ್ ಒದೆಯುವುದಿಲ್ಲ. ಒದ್ದಾಗ ಅದು ಎಷ್ಟು ದೂರ ಬರುತ್ತದೆ ಎಂಬುದರಲ್ಲಷ್ಟೇ ಹಿಡಿತದ ಪಾತ್ರ. ಒದೆತ ಹುಟ್ಟುವುದು ವೀಲಿನ ಯಾವ ಭಾಗ ಎಲ್ಲಿ ತಗುಲಿತು ಎನ್ನುವುದರಿಂದ. ಮಷಿನ್ ಪಕ್ಕಕ್ಕೆ ನಿಂತು ವೀಲನ್ನು ಗಡಿಯಾರದ ಮುಖದಂತೆ ನಾಲ್ಕು ಪಾಲು ಮಾಡಿ ನೋಡಿ. ವೀಲಿನ ಮುಂದಿನ ಅಂಚು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ತಳದ ಅಂಚು ನಿಮ್ಮ ಕಡೆಗೆ ಬರುತ್ತದೆ. ತಳ ಕಚ್ಚಿಕೊಂಡರೆ ಮಷಿನ್ ನಿಮ್ಮನ್ನು ಮುಂದಕ್ಕೆ ಎಳೆಯುತ್ತದೆ. ಮುಂದಿನ ಮೇಲ್ಭಾಗದ ಕಾಲು ಪಾಲು ಕಚ್ಚಿಕೊಂಡರೆ ವೀಲ್ ಆ ಜಾಗವನ್ನೇ ಮೆಟ್ಟಿಕೊಂಡು ಹಿಂದಕ್ಕೂ ಮೇಲಕ್ಕೂ ಹತ್ತುತ್ತದೆ. ಹತ್ತುವ ದಾರಿಯಲ್ಲಿ ನಿಮ್ಮ ಕತ್ತು, ಮುಖ ಇರುತ್ತವೆ. ಮನುಷ್ಯ ಏನನ್ನಾದರೂ ಕಂಡು ಕೈ ಅಲ್ಲಾಡಿಸಲು ಸೆಕೆಂಡಿನ ಐದನೇ ಒಂದು ಪಾಲಾದರೂ ಹಿಡಿಯುತ್ತದೆ. ಅಷ್ಟರೊಳಗೆ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಆ ಕಾಲು ಪಾಲನ್ನು ಯಾವುದಕ್ಕೂ ತಾಗಿಸಬಾರದು. ಹೊಸಬರಿಗೆ ಕಲಿಸುವಾಗ ಎಂಜಿನ್ ಆಫ್ ಇರುವ ಮಷಿನ್ನಿನ ವೀಲ್ ಮೇಲೆ ಸೀಮೆಸುಣ್ಣದಲ್ಲಿ ಆ ಭಾಗ ಗುರುತಿಸಿ ತೋರಿಸಿ, ಹತ್ತು ಮಾತು ಉಳಿಯುತ್ತದೆ.

ನಿಮ್ಮ ಪೈಪಿನಲ್ಲಿ ಎರಡು ಸಂಗತಿ ಒಟ್ಟಿಗೆ ಕೂಡಿಬಂದಿವೆ.

ಮೊದಲನೆಯದು ಆಸರೆ. ಎರಡೂ ತುದಿಗೆ ದಿಮ್ಮಿ ಕೊಟ್ಟಾಗ ಪೈಪಿನ ನಡುಭಾಗ ತನ್ನ ಭಾರಕ್ಕೇ ಕೆಳಕ್ಕೆ ಬಾಗಲು ನೋಡುತ್ತದೆ. ಆಗ ಮೇಲ್ಮೈ ಒತ್ತಿಕೊಂಡಿರುತ್ತದೆ, ತಳ ಹಿಗ್ಗಿಕೊಂಡಿರುತ್ತದೆ. ಮೇಲಿನಿಂದ ಕತ್ತರಿಸುತ್ತ ಹೋದಂತೆ ಉಳಿದ ತಳದ ಪಟ್ಟಿ ಭಾರ ತಾಳದೆ ಬಾಗಿ, ಸೀಳಿನ ಎರಡು ದವಡೆ ಮುಚ್ಚಿಕೊಳ್ಳುತ್ತವೆ. ವೀಲ್ ಕಚ್ಚಿಕೊಂಡದ್ದು ಹಾಗೆ.

ಎರಡನೆಯದು ಆಳ. 350 ಮಿ.ಮೀ. ವೀಲನ್ನು ನಡುವೆ ಎರಡೂ ಬದಿಯಿಂದ ಅದುಮಿ ಹಿಡಿಯುವ ಲೋಹದ ತಟ್ಟೆ, ಅಂದರೆ ಫ್ಲ್ಯಾಂಜ್, ಸುಮಾರು 100 ಮಿ.ಮೀ. ಅಗಲ ಇರುತ್ತದೆ. ಉಳಿದದ್ದರ ಅರ್ಧ, ಅಂದರೆ ಸುಮಾರು 125 ಮಿ.ಮೀ., ಅದು ಇಳಿಯಬಲ್ಲ ಗರಿಷ್ಠ ಆಳ. ವೀಲ್ ಸವೆದಂತೆ ಇನ್ನೂ ಕಡಿಮೆ. 6 ಇಂಚಿನ ಪೈಪು ಎನ್ನುವುದರ ಹೊರವ್ಯಾಸ ಸುಮಾರು 168 ಮಿ.ಮೀ. ಒಂದೇ ಕಡೆಯಿಂದ ಅದನ್ನು ಪೂರ್ತಿ ಕತ್ತರಿಸಲು ನಿಮ್ಮ ಮಷಿನ್ನಿಗೆ ಸಾಧ್ಯವೇ ಇರಲಿಲ್ಲ. ‘ಮುಕ್ಕಾಲು ಪಾಲು ಇಳಿದ ಮೇಲೆ’ ಎಂದು ಬರೆದಿದ್ದೀರಿ. ಆಳ ಮುಗಿಯುವುದೂ ಸರಿಸುಮಾರು ಅಲ್ಲೇ. ಅಷ್ಟು ಇಳಿದಾಗ ವೀಲಿನ ಮುಂದಿನ ಅಂಚು ಅರ್ಧಕ್ಕೂ ಹೆಚ್ಚು ಲೋಹದ ನಡುವೆ ಹುದುಗಿರುತ್ತದೆ. ಇನ್ನು ಸ್ವಲ್ಪ ಮೂತಿ ತಗ್ಗಿಸಿದರೂ ಆ ಅಪಾಯದ ಕಾಲು ಪಾಲು ಸೀಳಿನೊಳಕ್ಕೆ ಬರುತ್ತದೆ. ಅದರ ಮೇಲೆ, ಬಿಡಿಸಿಕೊಂಡ ವೀಲನ್ನು ಅರೆ ಮುಚ್ಚಿದ ಸೀಳಿಗೇ ಮತ್ತೆ ತೂರಿಸಿದಿರಿ. ಮುಚ್ಚಿದ ಸೀಳಿನ ದವಡೆಗೆ ವೀಲಿನ ಮುಂಭಾಗ ತಗುಲಿತು, ಹತ್ತಿಕೊಂಡು ಬಂತು. ತೋಳಿನ ಬಲ ಇದ್ದಿದ್ದರೂ ಫಲಿತಾಂಶದಲ್ಲಿ ಹೆಚ್ಚು ಬದಲಾವಣೆ ಆಗುತ್ತಿರಲಿಲ್ಲ.

ಹಾಗಾದರೆ ಆ ಪೈಪನ್ನು ಹೇಗೆ ಕತ್ತರಿಸಬೇಕಿತ್ತು? ಪೈಪು ಹೊರಳಿಸಲು ಬರುವಂತಿದ್ದರೆ ಕೆಲಸ ಸುಲಭ. ಕತ್ತರಿಸುವ ಗೆರೆಯ ಎರಡೂ ಪಕ್ಕಕ್ಕೆ, ಗೆರೆಯಿಂದ ಒಂದಡಿ ದೂರದೊಳಗೆ ಆಸರೆ ಕೊಡಿ. ನಡು ಬಾಗಲು ಜಾಗ ಇರಬಾರದು. ಉರುಳದಂತೆ ಎರಡೂ ಬದಿಗೆ ಬೆಣೆ ಹೊಡೆಯಿರಿ. ಸುತ್ತಲೂ ಗೆರೆ ಎಳೆದು, ಅದರ ಗುಂಟ ಎರಡು ಮೂರು ಮಿ.ಮೀ. ಆಳದ ಗೀರು ಹಾಕಿಕೊಳ್ಳಿ. ಈ ಗೀರೇ ಮುಂದಕ್ಕೆ ದಾರಿ ತೋರಿಸುತ್ತದೆ, ವೀಲ್ ವಾಲುವುದಿಲ್ಲ. ಆಮೇಲೆ ಪೈಪಿನ ಗೋಡೆಯ ದಪ್ಪವನ್ನಷ್ಟೇ ಕತ್ತರಿಸುತ್ತ ಕಾಲು ಸುತ್ತು ಮುಗಿಸಿ, ವೀಲ್ ಹೊರಗೆ ತೆಗೆದು, ಮಷಿನ್ ನಿಲ್ಲಿಸಿ, ಪೈಪು ಹೊರಳಿಸಿ, ಮತ್ತೆ ಕಾಲು ಸುತ್ತು. ಕತ್ತರಿಸಿ ಮುಗಿದ ಭಾಗಕ್ಕೆ ತೆಳು ಮರದ ಬೆಣೆ ತೂರಿಸಿದರೆ ಸೀಳು ಮುಚ್ಚುವ ಮಾತಿಲ್ಲ. ಇಡೀ ವ್ಯಾಸಕ್ಕೆ ವೀಲ್ ಇಳಿಸುವ ಅಗತ್ಯವೇ ಇಲ್ಲಿ ಬೀಳುವುದಿಲ್ಲ ನೋಡಿ.

ಪೈಪು ಗೋಡೆಯಲ್ಲೋ ನೆಲದಲ್ಲೋ ಹೂತಿದ್ದು ಹೊರಳದಿದ್ದರೆ, ಯಾವ ಮೈ ಒತ್ತಿಕೊಂಡಿದೆ, ಯಾವುದು ಹಿಗ್ಗಿದೆ ಎಂದು ಮೊದಲು ಲೆಕ್ಕ ಹಾಕಬೇಕು. ಎರಡು ಕಡೆ ಆಸರೆ ಇದ್ದರೆ ಮೇಲ್ಮೈ ಒತ್ತಿಕೊಂಡಿರುತ್ತದೆ. ಒಂದು ತುದಿ ಗಾಳಿಯಲ್ಲಿ ಚಾಚಿಕೊಂಡಿದ್ದರೆ ತಳ ಒತ್ತಿಕೊಂಡಿರುತ್ತದೆ. ಒತ್ತಿಕೊಂಡ ಮೈಗೆ ಮೊದಲು ಸ್ವಲ್ಪ ಕೊಯ್ತ ಹಾಕಿ, ಉಳಿದದ್ದನ್ನು ಹಿಗ್ಗಿದ ಕಡೆಯಿಂದ ಮುಗಿಸಿ. ಆಗ ಕೊನೆಯ ಕೊಯ್ತದಲ್ಲಿ ಸೀಳು ತೆರೆದುಕೊಳ್ಳುತ್ತದೆ. ತುಂಡು ಕಳಚಿ ಬೀಳುವ ಕಡೆ ಕಾಲಿಡಬೇಡಿ. ಭಾರದ ತುಂಡಾದರೆ ಮೊದಲೇ ಸರಪಳಿಯಲ್ಲಿ ಕಟ್ಟಿ ಹಿಡಿಸಿ. ಒಳಗೆ ಏನು ಹರಿಯುತ್ತಿತ್ತು ಎಂದು ಗೊತ್ತಿಲ್ಲದ ಪೈಪು, ಎಣ್ಣೆ ಇದ್ದ ಪೀಪಾಯಿ, ಟ್ಯಾಂಕು, ಇವಕ್ಕೆ ಈ ಮಷಿನ್ ತಾಗಿಸಲೇಬಾರದು. ಖಾಲಿ ಎಂದು ಕಾಣುವ ಪೀಪಾಯಿಯ ಆವಿಗೆ ಒಂದು ಕಿಡಿ ಸಾಕು, ಸಿಡಿಯುತ್ತದೆ.

ಕೊಯ್ಯುವಾಗಿನ ಕೆಲವು ಅಭ್ಯಾಸಗಳೂ ಒದೆತಕ್ಕೆ ದಾರಿ ಮಾಡಿಕೊಡುತ್ತವೆ. ಅರ್ಧ ರೇಸಿನಲ್ಲಿ ವೀಲ್ ತಾಗಿಸಿದರೆ ಅದು ಕತ್ತರಿಸುವುದಕ್ಕಿಂತ ಹೆಚ್ಚು ಕಚ್ಚುತ್ತದೆ. ಫುಲ್ ರೇಸಿಗೆ ಬಂದ ಮೇಲೆ ತಾಗಿಸಿ, ಹೊರಗೆ ತೆಗೆಯುವ ತನಕ ರೇಸ್ ಇಳಿಸಬೇಡಿ. ಮಷಿನ್ನಿನ ಭಾರ ಸಾಕು, ಮೇಲಿನಿಂದ ಹೇರಬೇಡಿ. ಸೀಳಿನಲ್ಲಿ ಹಿಂದೆ ಮುಂದೆ ಸಾವಕಾಶ ಆಡಿಸುತ್ತ ಇಳಿಯಿರಿ. ಗೆರೆ ತಪ್ಪಿತೆಂದು ಮಷಿನ್ ತಿರುಚಿ ಸರಿಮಾಡಲು ಹೋಗಬೇಡಿ. ಹೊರಗೆ ತೆಗೆದು ಹೊಸದಾಗಿ ಶುರುಮಾಡಿ. ಈ ವೀಲಿನಲ್ಲಿ ಬಾಗು ಗೆರೆ ಕೊಯ್ಯಲಾಗದು, ಅದರ ಪಕ್ಕದ ಮೈಯಲ್ಲಿ ಬರ್ (ಕೊಯ್ದ ಅಂಚಿನಲ್ಲಿ ಉಳಿಯುವ ಮುಳ್ಳು) ಉಜ್ಜಲೂ ಆಗದು. ಒಮ್ಮೆ ಹೊರಬಂದ ವೀಲನ್ನು ಅದೇ ಸೀಳಿಗೆ ಮತ್ತೆ ಇಳಿಸುವುದಾದರೆ, ಸೀಳು ಮುಚ್ಚಿಲ್ಲ ಎಂದು ಕಣ್ಣಲ್ಲಿ ಕಂಡುಕೊಂಡು, ನೇರ ಹಿಡಿದು, ವೀಲಿನ ತಳ ಮೊದಲು ಹೋಗುವಂತೆ ಇಳಿಸಿ. ಮೂತಿ ಮೊದಲಾಗಬಾರದು.

ನಿಲುವು ಹೀಗಿರಲಿ: ಬಲಗೈ ಹಿಂದಿನ ಹಿಡಿಯಲ್ಲಿ, ಎಡಗೈ ಮುಂದಿನ ಹಿಡಿಯಲ್ಲಿ, ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು. ಎಡಗೈ ರೂಢಿಯವರಿಗೂ ಇದೇ. ತಲೆ, ಕತ್ತು ವೀಲಿನ ನೇರಕ್ಕೆ ಬಾರದಂತೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಭುಜಕ್ಕಿಂತ ಎತ್ತರದಲ್ಲಿ ಕೊಯ್ಯುವುದು, ಏಣಿಯ ಮೇಲೆ ನಿಂತು ಕೊಯ್ಯುವುದು ಬೇಡವೇ ಬೇಡ. ಅಂಥ ಕೆಲಸ ಬಂದರೆ ಸಾರವೆ ಹಾಕಿಸಿ, ಇಲ್ಲವೇ ಬೇರೆ ಉಪಕರಣ ತನ್ನಿ.

ಗಾರ್ಡ್ ಹಿಂದಕ್ಕೆ ತಿರುಗಿಸಿದರೆ ಗೆರೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಒಡೆದ ವೀಲಿನ ಚೂರು ಬರುವ ದಾರಿಯೂ ಅಷ್ಟೇ ಚೆನ್ನಾಗಿ ತೆರೆದುಕೊಳ್ಳುತ್ತದೆ. ಸೆಕೆಂಡಿಗೆ 100 ಮೀಟರ್ ಎಂದರೆ ಗಂಟೆಗೆ 360 ಕಿ.ಮೀ. ಗಾರ್ಡಿನ ಹಿಂದಿನ ಅಂಚು ಕೊಯ್ಯುವ ವಸ್ತುವಿನ ಮೇಲೆ ಆನಿಕೊಂಡಂತೆ ಹೊಂದಿಸಿ. ಆಗ ಕಿಡಿ, ಕೆಸರು ಎರಡನ್ನೂ ಗಾರ್ಡ್ ಹಿಡಿದು ನಿಮ್ಮಿಂದಾಚೆ ಕಳಿಸುತ್ತದೆ. ನಿಮ್ಮ ಹೆಲ್ಮೆಟ್ಟಿಗೆ ಬಡಿದದ್ದು ಗಾರ್ಡ್ ಎಂದು ಬರೆದಿದ್ದೀರಲ್ಲ, ಅದು ಅಲ್ಲಿ ಇಲ್ಲದಿದ್ದರೆ ಬಡಿಯುತ್ತಿದ್ದುದು ವೀಲ್. ಗೆರೆ ಕಾಣದ ತೊಂದರೆಗೆ ಪರಿಹಾರ ಬೇರೆ ಇದೆ. ಗೆರೆಯ ಪಕ್ಕಕ್ಕೆ ಒಂದು ಮರದ ಪಟ್ಟಿ ಬಿಗಿದು, ಮೊದಲ ಸುತ್ತು ತೆಳುವಾಗಿ ಹಾಕಿಕೊಳ್ಳಿ. ಎರಡನೇ ಸುತ್ತಿಗೆ ಗೆರೆ ನೋಡುವ ಅಗತ್ಯವೇ ಇರುವುದಿಲ್ಲ.

ಡೈಮಂಡ್ ಬ್ಲೇಡಿನ ಬಗ್ಗೆ ಎರಡು ತಪ್ಪು ತಿಳಿವಳಿಕೆ ಓಡಾಡುತ್ತಿವೆ. ಅದು ಉಕ್ಕಿನ ತಟ್ಟೆಯಾದ್ದರಿಂದ ಒಡೆಯುವುದೇ ಇಲ್ಲ ಎಂಬುದು ಒಂದು. ತಟ್ಟೆ ಚೂರುಚೂರಾಗುವುದಿಲ್ಲ, ಸರಿ. ಆದರೆ ಕಾದು ಹೋದರೆ ಅಂಚಿನ ಸೆಗ್ಮೆಂಟುಗಳು, ಅಂದರೆ ಕೊಯ್ಯುವ ವಜ್ರದ ಹರಳಿರುವ ತುಂಡುಗಳು, ಕಳಚಿ ಗುಂಡಿನಂತೆ ಹಾರುತ್ತವೆ. ಸೆಗ್ಮೆಂಟಿನ ಬುಡದಲ್ಲಿ ನೀಲಿ ಛಾಯೆ, ಎರಡು ಸೆಗ್ಮೆಂಟುಗಳ ನಡುವಿನ ಸಂದಿಯಿಂದ ಒಳಕ್ಕೆ ಹೊರಟ ಬಿರುಕು, ಒಂದು ಸೆಗ್ಮೆಂಟ್ ಇಲ್ಲದಿರುವುದು, ಇವುಗಳಲ್ಲಿ ಯಾವುದು ಕಂಡರೂ ಬ್ಲೇಡಿನ ಆಯಸ್ಸು ಮುಗಿಯಿತು. ಎಲ್ಲ ವಸ್ತುವಿಗೂ ಒಂದೇ ಡೈಮಂಡ್ ಬ್ಲೇಡ್ ನಡೆಯುತ್ತದೆ ಎಂಬುದು ಎರಡನೆಯದು. ಕಾಂಕ್ರೀಟಿನ ಬ್ಲೇಡಿನಲ್ಲಿ ಬರೀ ಕಬ್ಬಿಣ ಕೊಯ್ದರೆ ಅದು ಬಿಸಿಯಾಗಿ, ಮೈ ನುಣುಪಾಗಿ, ಕತ್ತರಿಸುವುದನ್ನೇ ನಿಲ್ಲಿಸುತ್ತದೆ. ಕಾಂಕ್ರೀಟಿನ ಒಳಗೆ ಅಲ್ಲಲ್ಲಿ ಸಿಗುವ ಕಂಬಿಗೆ ಕಂಬಿ ಸಹಿತ ಕಾಂಕ್ರೀಟಿಗೆಂದೇ ಮಾಡಿದ ಬ್ಲೇಡ್ ಬೇಕು. ಕಂಬಿ ಸಿಕ್ಕಾಗ ಸದ್ದು ಬದಲಾಗುತ್ತದೆ, ಕಿಡಿ ಕಾಣುತ್ತದೆ. ಆಗ ಒತ್ತುವುದು ಬಿಟ್ಟು ಮಷಿನ್ನಿನ ಭಾರಕ್ಕೇ ಬಿಡಿ. ನುಣುಪಾದ ಬ್ಲೇಡನ್ನು ಒರಟು ಇಟ್ಟಿಗೆಯಲ್ಲೋ ಡಾಂಬರಿನಲ್ಲೋ ಒಂದೆರಡು ಸಲ ಕೊಯ್ದು ಮತ್ತೆ ಚೂಪಾಗಿಸಬಹುದು. ಮರ ಕೊಯ್ಯುವ ಹಲ್ಲಿನ ಬ್ಲೇಡ್, ಅಂಚಿಗೆ ಕಾರ್ಬೈಡ್ ಹಲ್ಲು ಕೂರಿಸಿದ ಬ್ಲೇಡ್ ಮಾತ್ರ ಈ ಮಷಿನ್ನಿಗೆ ಎಂದೂ ಹಾಕಬೇಡಿ. ಹಲ್ಲು ಸಿಕ್ಕಿಕೊಂಡರೆ ನೀವು ಕಂಡದ್ದಕ್ಕಿಂತ ಹಲವು ಪಟ್ಟು ಜೋರಾದ ಒದೆತ ಬರುತ್ತದೆ.

ನೀರು ಬ್ಲೇಡ್ ಹಾಳು ಮಾಡುತ್ತದೆ ಎಂಬ ಮಾತು ಎಲ್ಲಿಂದ ಬಂದಿರಬಹುದು ಎಂದು ಊಹಿಸಬಲ್ಲೆ. ರಾಳದ ವೀಲಿಗೆ ಅದು ಬಹುಮಟ್ಟಿಗೆ ನಿಜ: ನೀರು ಕುಡಿದ ವೀಲ್ ಒಂದು ಕಡೆ ಭಾರವಾಗಿ ತೂಕ ತಪ್ಪುತ್ತದೆ, ಬಲವೂ ಕುಗ್ಗುತ್ತದೆ. ನೀರಿನೊಂದಿಗೆ ಬಳಸಬಹುದು ಎಂದು ಬರೆದ ವೀಲಾದರೂ ಒದ್ದೆಯಾದ ದಿನವೇ ಬಳಸಿ ಮುಗಿಸಬೇಕು. ಡೈಮಂಡ್ ಬ್ಲೇಡಿನ ಕಥೆ ಇದಕ್ಕೆ ತದ್ವಿರುದ್ಧ. ನೀರು ಅದನ್ನು ತಂಪಾಗಿಟ್ಟು ಆಯಸ್ಸು ಹೆಚ್ಚಿಸುತ್ತದೆ. ಒಣ ಕೊಯ್ತಕ್ಕೆಂದೇ ಮಾಡಿದ ಬ್ಲೇಡಾದರೂ ಅರ್ಧದಿಂದ ಒಂದು ನಿಮಿಷಕ್ಕೊಮ್ಮೆ ಹೊರಗೆ ತೆಗೆದು ಹತ್ತು ಸೆಕೆಂಡ್ ಗಾಳಿಯಲ್ಲಿ ತಿರುಗಿಸಿ ಆರಿಸಬೇಕು.

ಆದರೆ ನೀರಿನ ದೊಡ್ಡ ಕೆಲಸ ಬ್ಲೇಡ್ ಕಾಯುವುದಲ್ಲ, ನಿಮ್ಮ ಶ್ವಾಸಕೋಶ ಕಾಯುವುದು. ಕಾಂಕ್ರೀಟ್, ಇಟ್ಟಿಗೆ, ಗ್ರಾನೈಟ್ ಎಲ್ಲದರಲ್ಲೂ ಸಿಲಿಕಾ ಇದೆ. ಕೊಯ್ದಾಗ ಏಳುವ ಬಿಳಿ ಮೋಡದಲ್ಲಿ ಕಣ್ಣಿಗೆ ಕಾಣುವ ಕಣಗಳು ಮೂಗು ಗಂಟಲಲ್ಲೇ ನಿಲ್ಲುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಾಣದ, 10 ಮೈಕ್ರಾನಿಗಿಂತ ಸಣ್ಣ ಕಣಗಳು. ಅವು ಅಲ್ಲಿ ಗಾಯದ ಕಲೆ ಕಟ್ಟುತ್ತ ಹೋಗುತ್ತವೆ. ಸಿಲಿಕೋಸಿಸ್ ಎಂಬ ಆ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. ಶ್ವಾಸಕೋಶದ ಕ್ಯಾನ್ಸರಿಗೂ ಅದು ದಾರಿ. ಅಮೆರಿಕದ ಕಾರ್ಮಿಕ ನಿಯಮದಲ್ಲಿ ಎಂಟು ಗಂಟೆಯ ಸರಾಸರಿಗೆ ಗಾಳಿಯ ಪ್ರತಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಸಿಲಿಕಾ ಮಿತಿ ಇದೆ. ಒಣಗಿದ ಕಾಂಕ್ರೀಟ್ ಕೊಯ್ಯುವವರು ಈ ಮಿತಿಯನ್ನು ಬಹಳ ಬೇಗ ದಾಟಿಬಿಡುತ್ತಾರೆ. ಟವೆಲ್ ಆ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಉಸಿರಾಟ ಸರಾಗವಾಗಿದೆ ಎಂಬ ಭ್ರಮೆ ಹುಟ್ಟಿಸಿ ಇನ್ನಷ್ಟು ಹೊತ್ತು ಅಲ್ಲೇ ನಿಲ್ಲಿಸುತ್ತದೆ, ಅಷ್ಟೆ.

ಮಷಿನ್ನಿನ ಗಾರ್ಡ್ ಮೇಲೆ ನೀರಿನ ನಳಿಕೆ ಕೂರಿಸುವ ಜಾಗ ಇದ್ದೇ ಇರುತ್ತದೆ. ಬ್ಲೇಡಿನ ಎರಡೂ ಮೈಗೆ ನೀರು ಬೀಳಬೇಕು, ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್. ಒತ್ತಡದ ಕೈಪಂಪಿನ ಡಬ್ಬಿಯೂ ಸಾಕಾಗುತ್ತದೆ, ಕೆಲಸದ ನಡುವೆ ಖಾಲಿಯಾಗದಂತೆ ನೋಡಿಕೊಳ್ಳಿ. ಪಕ್ಕದಲ್ಲಿ ಒಬ್ಬ ಚೊಂಬಿನಿಂದ ಹೊಯ್ಯುತ್ತ ನಿಲ್ಲುವುದು ಉಪಯೋಗಕ್ಕಿಲ್ಲ: ನೀರು ಧೂಳು ಹುಟ್ಟುವ ಜಾಗಕ್ಕೆ ಸರಿಯಾಗಿ ತಲುಪುವುದಿಲ್ಲ, ಜೊತೆಗೆ ಆತ ವೀಲಿನ ನೇರಕ್ಕೇ ನಿಂತಿರುತ್ತಾನೆ. ನೀರಿದ್ದರೂ ಎಫ್‌ಎಫ್‌ಪಿ 3 ದರ್ಜೆಯ ಮಾಸ್ಕ್ ಇರಲಿ. ಸಿಗದಿದ್ದರೆ ಎನ್ 95 ಆದರೂ ಸರಿ. ಗಡ್ಡ ಬಿಟ್ಟ ಮುಖಕ್ಕೆ ಇವು ಯಾವುವೂ ಬಿಗಿಯಾಗಿ ಕೂರುವುದಿಲ್ಲ. ಕೊಯ್ತದ ಕೆಸರನ್ನು ಒದ್ದೆ ಇರುವಾಗಲೇ ಬಳಿದು ತೆಗೆಯಿರಿ; ಒಣಗಿದರೆ ಅದೇ ಧೂಳು. ಸಿಮೆಂಟಿನ ಕೆಸರು ಚರ್ಮವನ್ನೂ ಸುಡುತ್ತದೆ, ಬೂಟಿನೊಳಗೆ ಇಳಿದರೆ ಆಗಲೇ ತೊಳೆಯಬೇಕು. ವಿದ್ಯುತ್ ಗ್ರೈಂಡರಿಗೆ ನೀರು ಬಿಡುವ ಸಾಹಸ ಮಾತ್ರ ಮಾಡಬೇಡಿ. ನೀರಿಗೆಂದೇ ತಯಾರಾದ, 30 ಮಿಲಿ ಆಂಪಿಯರಿಗೆ ಟ್ರಿಪ್ ಆಗುವ ಬ್ರೇಕರ್ ಇರುವ ಯಂತ್ರವಾದರೆ ಆ ಮಾತು ಬೇರೆ.

ಪೆಟ್ರೋಲ್ ಎಂಜಿನ್ನಿನ ಹೊಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಮುಚ್ಚಿದ ಕೋಣೆ, ನೆಲಮಾಳಿಗೆ, ಆಳದ ಕಾಲುವೆ ಇಂಥಲ್ಲಿ ಕಾರ್ಬನ್ ಮಾನಾಕ್ಸೈಡ್ ಬೇಗ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಧೂಳಿನ ಮಾಸ್ಕ್ ಅದನ್ನು ತಡೆಯುವುದೂ ಇಲ್ಲ. ಕಿಟಕಿ ತೆರೆದಿದೆ ಎಂಬ ಸಮಾಧಾನ ಸಾಲದು. ಒಳಗಿನ ಕೆಲಸಕ್ಕೆ ವಿದ್ಯುತ್ ಇಲ್ಲವೇ ಬ್ಯಾಟರಿ ಮಷಿನ್ ತರಿಸಿ.

ವೀಲ್ ಕೂರಿಸುವಾಗ ಸ್ಪಿಂಡಲ್, ಫ್ಲ್ಯಾಂಜ್ ಎರಡನ್ನೂ ಒರೆಸಿ. ಅಂಟಿದ ಒಂದು ಚೂರು ಸಿಮೆಂಟ್ ಕೂಡ ವೀಲನ್ನು ಓರೆಯಾಗಿಸುತ್ತದೆ. ಎರಡೂ ಬದಿಯ ಫ್ಲ್ಯಾಂಜ್ ಒಂದೇ ವ್ಯಾಸದವಾಗಿರಬೇಕು. ಒಂದು ಕಳೆದುಹೋಯಿತೆಂದು ದೊಡ್ಡ ವಾಷರ್ ಹಾಕಿ ಬಿಗಿದರೆ ವೀಲ್ ಒಳಗಿಂದಲೇ ಬಿರಿಯುತ್ತದೆ. ತೂತು 20 ಮಿ.ಮೀ. ಇಲ್ಲವೇ 25.4 ಮಿ.ಮೀ. ಇರುತ್ತದೆ. ದೊಡ್ಡ ತೂತಿಗೆ ತಗಡು ಸುತ್ತಿ ಹೊಂದಿಸುವುದು, ಸಣ್ಣ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವುದು ಎರಡೂ ಅಪಾಯ. ಬೋಲ್ಟಿನ ಬಿಗಿತ ಬಹುತೇಕ ಮಷಿನ್‌ಗಳಿಗೆ 25ರಿಂದ 30 ನ್ಯೂಟನ್ ಮೀಟರ್. ನಿಮ್ಮ ಮಷಿನ್ನಿನ ಕೈಪಿಡಿಯಲ್ಲಿ ಇರುವುದೇ ಅಂತಿಮ. ಡೈಮಂಡ್ ಬ್ಲೇಡಾದರೆ ಅದರ ಮೇಲಿನ ಬಾಣ ಮಷಿನ್ ತಿರುಗುವ ದಿಕ್ಕಿಗೇ ಇರಲಿ. ಹೊಸದಾಗಿ ಕೂರಿಸಿದ ಮೇಲೆ, ಯಾರೂ ಇಲ್ಲದ ಕಡೆಗೆ ವೀಲ್ ತಿರುಗಿಸಿಟ್ಟುಕೊಂಡು ಒಂದು ನಿಮಿಷ ಫುಲ್ ರೇಸಿನಲ್ಲಿ ಬರಿದೇ ಓಡಿಸಿ. ಬಿರುಕಿದ್ದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ತೋರಿಸಿಕೊಳ್ಳುತ್ತದೆ.

ಸ್ಟಾರ್ಟ್ ಮಾಡುವಾಗ ಎಡವುವ ಜಾಗವೊಂದಿದೆ. ಚೋಕ್ ಎಳೆದಾಗ ಥ್ರಾಟಲ್ ಅರ್ಧಕ್ಕೆ ಲಾಕ್ ಆಗಿರುತ್ತದೆ. ಹಾಗಾಗಿ ಎಂಜಿನ್ ಹತ್ತಿದ ಕ್ಷಣದಲ್ಲೇ ವೀಲೂ ತಿರುಗುತ್ತದೆ. ಮಷಿನ್ ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಬೂಟಿನಿಂದ ಮೆಟ್ಟಿ, ಎಡಗೈಯಲ್ಲಿ ಮುಂದಿನ ಹಿಡಿ ಒತ್ತಿ, ವೀಲ್ ಏನನ್ನೂ ಮುಟ್ಟದಂತೆ ನೋಡಿಕೊಂಡು ಹಗ್ಗ ಎಳೆಯಿರಿ. ಕೈಯಲ್ಲಿ ತೂಗಾಡಿಸುತ್ತ ಎಳೆಯಬೇಡಿ. ಹತ್ತಿದ ಮೇಲೆ ಒಮ್ಮೆ ರೇಸ್ ಕೊಟ್ಟು ಬಿಟ್ಟರೆ ಲಾಕ್ ಕಳಚುತ್ತದೆ, ವೀಲ್ ನಿಲ್ಲಬೇಕು. ಐಡಲಿನಲ್ಲೂ ತಿರುಗುತ್ತಲೇ ಇದ್ದರೆ ಕಾರ್ಬ್ಯುರೇಟರ್ ಐಡಲ್ ಹೆಚ್ಚಾಗಿದೆ ಅಥವಾ ಕ್ಲಚ್ ಸ್ಪ್ರಿಂಗ್ ಹೋಗಿದೆ. ಅದು ಸರಿಯಾಗುವ ತನಕ ಕೆಲಸಕ್ಕೆ ಬೇಡ. ರೇಸ್ ಬಿಟ್ಟ ಮೇಲೂ ವೀಲ್ ಕೆಲವು ಸೆಕೆಂಡ್ ತಿರುಗುತ್ತದೆ ಎಂಬುದನ್ನು ಮರೆತು ಮಷಿನ್ ಕೆಳಗಿಡುವಾಗಲೇ ಬೂಟು, ಕಾಲು ಕೊಯ್ದುಕೊಳ್ಳುವುದು ಹೆಚ್ಚು. ಪೆಟ್ರೋಲ್ ತುಂಬುವುದು ಎಂಜಿನ್ ಆರಿದ ಮೇಲೆ, ಸ್ಟಾರ್ಟ್ ಮಾಡುವುದು ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ಆಚೆ. ಕಬ್ಬಿಣದ ಕಿಡಿ ಹಲವು ಮೀಟರ್ ಹಾರುತ್ತದೆ. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಜಾಗದ ಮೇಲೆ ಕಣ್ಣಿರಲಿ, ಹೊಗೆಯಾಡುವುದು ತಡವಾಗಿ ಶುರುವಾಗಬಹುದು.

ಮೈಮೇಲೆ: ಕನ್ನಡಕದ ಮೇಲೆ ಮುಖ ಮುಚ್ಚುವ ಶೀಲ್ಡ್ (ಶೀಲ್ಡ್ ಒಂದೇ ಇದ್ದರೆ ಕೆಳಗಿನಿಂದ ಕಿಡಿ ನುಗ್ಗುತ್ತದೆ), ಕಿವಿಗೆ ಮಫ್, ಉಕ್ಕಿನ ಮೂತಿಯ ಬೂಟು, ಕೈಗವಸು, ಮೈಗೆ ಅಂಟಿಕೊಂಡ ದಪ್ಪ ಹತ್ತಿ ಬಟ್ಟೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಹಿಡಿಯುತ್ತದೆ. ಕೊರಳಿನ ಟವೆಲ್ ಮನೆಯಲ್ಲೇ ಇರಲಿ. ಸದ್ದು 100 ಡೆಸಿಬಲ್ ದಾಟುವುದರಿಂದ ಪಕ್ಕದವರಿಗೂ ಮಫ್ ಬೇಕು. ದಿನವಿಡೀ ಒಬ್ಬನೇ ಹಿಡಿದರೆ ನಡುಕಕ್ಕೆ ಬೆರಳು ಜೋಮು ಹಿಡಿದು ಬಿಳಿಚಿಕೊಳ್ಳುತ್ತವೆ, ಆಳು ಬದಲಿಸುತ್ತಿರಿ.

ಕೊನೆಗೆ, ಎಲ್ಲ ಕೆಲಸಕ್ಕೂ ಇದೇ ಮಷಿನ್ ಬೇಕೇ ಎಂದು ಯೋಚಿಸಿ. ಬಿಡಿ ಕಂಬಿಗೆ ಹೈಡ್ರಾಲಿಕ್ ಬಾರ್ ಕಟ್ಟರ್ ಸಾಕು: ಕಿಡಿ ಇಲ್ಲ, ಒದೆತ ಇಲ್ಲ; ಬಾಯಿಗೆ ಬೆರಳು ಸಿಗದಂತೆ ಎಚ್ಚರ ಇದ್ದರಾಯಿತು, ಗೋಡೆಗೆ ಒತ್ತಿಕೊಂಡ ಕಂಬಿಗೆ ಮಾತ್ರ ಅದು ಎಟುಕದು. ಬೀಡುಕಬ್ಬಿಣದ ಪೈಪಿಗೆ ಸರಪಳಿ ಸುತ್ತಿ ಬಿಗಿಯುವ ಕಟ್ಟರ್ ಇದೆ, ಪೈಪು ಕ್ಷಣದಲ್ಲಿ ಬಿರಿಯುತ್ತದೆ. ತುಕ್ಕು ತಿಂದ ಪೈಪು ಗೆರೆ ಬಿಟ್ಟು ಅಡ್ಡಾದಿಡ್ಡಿ ಒಡೆಯಬಹುದು. ಉಕ್ಕಿನ ಪೈಪಿಗೆ ರೆಸಿಪ್ರೊಕೇಟಿಂಗ್ ಸಾ (ಬ್ಲೇಡ್ ಹಿಂದೆ ಮುಂದೆ ಆಡುವ ಗರಗಸ) ನಿಧಾನ, ಬ್ಲೇಡ್ ಖರ್ಚೂ ಹೆಚ್ಚು, ಆದರೆ ಸೀಳು ಮುಚ್ಚಿದರೆ ಬ್ಲೇಡ್ ಬಾಗುತ್ತದೆಯೇ ಹೊರತು ಮುಖಕ್ಕೆ ಬರುವುದಿಲ್ಲ. ಗ್ಯಾಸ್ ಕಟಿಂಗ್ ವೇಗ, ಬೆಂಕಿಯ ಭಯ ಇದ್ದೇ ಇದೆ; ಸತು ಲೇಪಿಸಿದ ಪೈಪಾದರೆ ಅದರ ಹೊಗೆ ಜ್ವರ ತರಿಸುತ್ತದೆ. ನೆಲದ ಉದ್ದ ಕೊಯ್ತಕ್ಕೆ ಗಾಲಿಯ ಮೇಲೆ ತಳ್ಳುವ ಫ್ಲೋರ್ ಸಾ ಬಾಡಿಗೆಗೆ ತನ್ನಿ. ಅದಕ್ಕೂ ಮೊದಲು ನೆಲದಡಿ, ಗೋಡೆಯೊಳಗೆ ವೈರು, ಗ್ಯಾಸ್ ಕೊಳವೆ, ಬಿಗಿದಿಟ್ಟ ಉಕ್ಕಿನ ಕೇಬಲ್ ಇದೆಯೇ ಎಂದು ಡಿಟೆಕ್ಟರಿನಲ್ಲಿ ನೋಡಿಸಿ. ಬಿಗಿದ ಕೇಬಲ್ ತುಂಡಾದರೆ ಅದರ ಏಟು ಯಾವ ವೀಲಿನ ಒದೆತಕ್ಕೂ ಕಡಿಮೆಯದಲ್ಲ, ಚಪ್ಪಡಿಯ ಬಲವೂ ಅದರೊಂದಿಗೆ ಹೋಗುತ್ತದೆ.

ಈ ವಾರ ಮಷಿನ್ ಮತ್ತೆ ಎತ್ತುವ ಮೊದಲು ಅದನ್ನೊಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿ. ಹೆಲ್ಮೆಟ್ಟಿಗೆ ಬಡಿದ ಗಾರ್ಡ್ ಬಾಗಿರಬಹುದು, ಅದನ್ನು ಹಿಡಿದಿಡುವ ಲಿವರ್ ಸಡಿಲಗೊಂಡಿರಬಹುದು, ಸ್ಪಿಂಡಲ್ಲಿನ ಬೇರಿಂಗ್ ಪೆಟ್ಟು ತಿಂದಿರಬಹುದು. ವೀಲ್ ತೆಗೆದು ಸ್ಪಿಂಡಲನ್ನು ಕೈಯಿಂದ ಅಲುಗಿಸಿದಾಗ ಆಟ ಕಂಡರೆ ಬೇರಿಂಗ್ ಬದಲಿಸಬೇಕು. ಏಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ, ಹೊಸದು ತೆಗೆದುಕೊಳ್ಳಿ. ಅಂದು ಹಾಕಿದ್ದ ಆ ವೀಲ್ ಇನ್ನೂ ಮಷಿನ್ನಿನಲ್ಲೇ ಇದ್ದರೆ ಬಿಚ್ಚಿ ಎರಡು ತುಂಡು ಮಾಡಿ ಎಸೆಯಿರಿ, ಬೇರೆ ಯಾರೂ ಎತ್ತಿ ಹಾಕಿಕೊಳ್ಳದಿರಲಿ.